ತಂತಿಯಿಲ್ಲದ ರಾಪ್‌ನಲ್ಲಿ ಮಾತಿಗೆ ಸಿಕ್ಕ ಜಾಗ

ಕೆಲವು ವರ್ಷಗಳ ಹಿಂದೆ ಉಳ್ಳಾಲದ ಕಡೆಯ ಒಂದು ದಫ್ ತಂಡ ನಮ್ಮ ಸ್ಟುಡಿಯೋಗೆ ಬಂದಿತ್ತು. ದಫ್ ಅಂದರೆ ದುಂಡು ಚೌಕಟ್ಟಿಗೆ ಚರ್ಮ ಬಿಗಿದ ಕೈವಾದ್ಯ. ಜುಲೈ ತಿಂಗಳು, ಹೊರಗೆ ಜಡಿಮಳೆ. ಹತ್ತು ಹುಡುಗರು, ಹತ್ತು ದಫ್, ಜೊತೆಗೆ ಅವರ ಉಸ್ತಾದರು. ಆಡಿನ ಚರ್ಮ ತೇವ ಕುಡಿದು ಸಡಿಲವಾಗಿತ್ತು. ತಟ್ಟಿದರೆ ಒದ್ದೆ ರಟ್ಟಿನ ಸದ್ದು. ಸ್ಟುಡಿಯೋ ಒಳಗೆ ಬೆಂಕಿ ಹಚ್ಚಿ ಕಾಯಿಸುವ ಹಾಗಿಲ್ಲ. ಹೇರ್ ಡ್ರೈಯರ್ ತರಿಸಿ ಒಂದೊಂದನ್ನೇ ಬಿಸಿ ಮಾಡಿದೆವು. ಚರ್ಮ ಬಿಗಿಯಾದ ಮೇಲೆ ಬಂತು ನೋಡಿ, ಎದೆಗೆ ತಾಗುವ ದನಿ.

ಎರಡು ಟೇಕ್ ಆದ ಮೇಲೆ ನಾನು ಸುಮ್ನೆ ಕೇಳಿದೆ, "ಹಿಂದೆ ಸಣ್ಣಗೆ ಕೀಬೋರ್ಡ್ ಹಾಕೋಣ್ವಾ?" ಉಸ್ತಾದರು ನಕ್ಕು ತಲೆಯಾಡಿಸಿದರು. "ಬೇಡ ಸರ್. ದಫ್ ಮತ್ತೆ ಬಾಯಿ. ನಮಗೆ ಅಷ್ಟು ಸಾಕು."

ಆಗ ನನಗೆ ನೆನಪಾದದ್ದು ನೇಟಿವ್ ದೀನ್. ಅಮೆರಿಕದ ವಾಷಿಂಗ್ಟನ್ ಸುತ್ತಮುತ್ತಲಿನ ರಾಪ್ ತಂಡ. ಜೋಶುವಾ ಸಲಾಮ್, ನಯೀಮ್ ಮುಹಮ್ಮದ್, ಅಬ್ದುಲ್ ಮಲಿಕ್ ಅಹ್ಮದ್ ಎಂಬ ಮೂವರು ಕಪ್ಪು ಅಮೆರಿಕನ್ ಮುಸ್ಲಿಮರು 2000ರಲ್ಲಿ ಕಟ್ಟಿದ್ದು. 'ದೀನ್' ಅಂದರೆ ಧರ್ಮ, ಬದುಕುವ ದಾರಿ. ಅದಕ್ಕೂ ಮೊದಲು, 1990ರ ದಶಕದಲ್ಲಿ, ಮುಸ್ಲಿಂ ಯುವಜನರ ಸಂಘಟನೆಯೊಂದು ರಾಪ್ ಕ್ಯಾಸೆಟ್‌ಗಳನ್ನು ತರುತ್ತಿತ್ತು. ಇವರು ಪಳಗಿದ್ದು ಅಲ್ಲಿ.

ಇವರ ಹಾಡುಗಳಲ್ಲಿ ಗಿಟಾರ್ ಇಲ್ಲ, ಪಿಯಾನೋ ಇಲ್ಲ, ಕೊಳಲಿಲ್ಲ. ತಾಳವಾದ್ಯ ಮತ್ತು ಮನುಷ್ಯರ ಕಂಠ, ಅಷ್ಟೇ. ಕಾರಣ ಧಾರ್ಮಿಕ. ತಂತಿ ಮತ್ತು ಗಾಳಿ ವಾದ್ಯ ಸಲ್ಲದು ಎಂದು ಹೇಳುವ ಇಸ್ಲಾಮಿ ವಿದ್ವಾಂಸರು ಬಹಳ ಜನ ಇದ್ದಾರೆ. ಒಪ್ಪದವರೂ ಇದ್ದಾರೆ, ಈ ಚರ್ಚೆ ಶತಮಾನಗಳಷ್ಟು ಹಳೆಯದು. ಆದರೆ ದಫ್ ವಿಷಯದಲ್ಲಿ ತಕರಾರು ಕಡಿಮೆ. ಹಬ್ಬದ ದಿನ ಪ್ರವಾದಿಯವರ ಮನೆಯಲ್ಲಿ ಇಬ್ಬರು ಹುಡುಗಿಯರು ದಫ್ ಬಾರಿಸಿ ಹಾಡುತ್ತಿದ್ದರು. ಪ್ರವಾದಿಯವರ ಆಪ್ತ ಸಂಗಾತಿ ಅಬೂಬಕ್ಕರ್ ಗದರಿದರು. 'ಬಿಡಿ, ಇದು ನಮ್ಮ ಹಬ್ಬ' ಎಂದು ಪ್ರವಾದಿ ತಡೆದರು. ಈ ಹದೀಸನ್ನು, ಅಂದರೆ ಪ್ರವಾದಿಯವರ ನಡೆನುಡಿಯ ವರದಿಯನ್ನು, ಕರಾವಳಿಯ ದಫ್ ಹುಡುಗರೂ ಹೇಳುತ್ತಾರೆ, ಅಮೆರಿಕದ ಈ ರಾಪರ್‌ಗಳಿಗೂ ಆಧಾರ ಅದೇ ಪರಂಪರೆ.

ಇನ್ನು ನನ್ನ ಕಸುಬಿನ ಮಾತು. ಈ ಕಟ್ಟುಪಾಡಿನಿಂದ ಹಾಡಿಗೆ ನಷ್ಟ ಎಂದು ಜಾಸ್ತಿ ಜನ ಅಂದುಕೊಳ್ಳುತ್ತಾರೆ. ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಮೇಜಿನ ಮುಂದೆ ಕೂತು ನೋಡಿ, ಲೆಕ್ಕ ಬೇರೆಯೇ ಇದೆ. ಮಾತು ಸ್ಪಷ್ಟವಾಗಿ ಕೇಳಬೇಕಾದರೆ ಸುಮಾರು 300ರಿಂದ 4000 ಹರ್ಟ್ಜ್ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಅಳತೆ) ನಡುವಿನ ಜಾಗ ಖಾಲಿ ಬೇಕು. ಗಿಟಾರ್, ಕೀಬೋರ್ಡ್, ಪಿಟೀಲು ಬಂದು ಕೂರುವುದೂ ಅಲ್ಲೇ. ಹಾಗಾಗಿ ಮಾಮೂಲಿ ಹಾಡಿನಲ್ಲಿ ನಾವು ದಿನವಿಡೀ ಮಾಡುವುದು ವಾದ್ಯವನ್ನು ಸ್ವಲ್ಪ ಕೊರೆದು ದನಿಗೆ ಜಾಗ ಮಾಡುವ ಕೆಲಸ. ಇಲ್ಲಿ ಆ ಜಗಳವೇ ಇಲ್ಲ. ದೊಡ್ಡ ಡೋಲಿನ ಗುಮ್ಮು ಕೆಳಗೆ, 100 ಹರ್ಟ್ಜ್ ಆಸುಪಾಸಿನಲ್ಲಿ. ಅಂಚಿನ ಚಟ್ ಸದ್ದು ಮೇಲೆ. ನಡುವಿನ ಬಯಲು ಪೂರ್ತಿ ಮಾತಿಗೆ.

ಆದರೆ ಪಲ್ಲವಿ ಬಂದಾಗ ಅದೇ ಬಯಲು ಬೋಳು ಅನಿಸುತ್ತದೆ. ಅದಕ್ಕೆ ಕಂಠದಿಂದಲೇ ಗೋಡೆ ಕಟ್ಟಬೇಕು. ಒಂದೇ ಸಾಲನ್ನು ಮೂರು ನಾಲ್ಕು ಸಲ ಬೇರೆ ಬೇರೆ ಹಾಡಿಸಿ, ಎಡಕ್ಕೊಂದು ಬಲಕ್ಕೊಂದು ಇಟ್ಟರೆ ಮೂರು ಜನ ಮೂವತ್ತು ಜನರಂತೆ ಕೇಳುತ್ತಾರೆ. ಒಂದು ದನಿಯನ್ನೇ ಕಾಪಿ ಮಾಡಿ ಇಟ್ಟರೆ ಹಾಗೆ ಬರುವುದಿಲ್ಲ. ಪ್ರತಿ ಸಲದ ಸಣ್ಣ ಏರುಪೇರೇ ಗುಂಪಿನ ಭಾವ ಕೊಡುವುದು. ನಮ್ಮ ಭಜನೆಯಲ್ಲೂ ಹಾಗೇ ಅಲ್ವಾ?

ಹಿಪ್ ಹಾಪ್ (ರಾಪ್ ಇದರದೇ ಭಾಗ) ಮತ್ತು ಇಸ್ಲಾಂ ನಂಟು ಇವರಿಂದ ಶುರುವಾದದ್ದಲ್ಲ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಈ ಸಂಗೀತ ಹುಟ್ಟಿದಾಗಲೇ ಆ ಬೀದಿಗಳಲ್ಲಿ ಕಪ್ಪು ಜನರ ಹಕ್ಕುಗಳಿಗೆ ದನಿಯೆತ್ತಿದ ಮುಸ್ಲಿಂ ನಾಯಕ ಮಾಲ್ಕಂ ಎಕ್ಸ್ ಅವರ ಮಾತು ಓಡಾಡುತ್ತಿತ್ತು. ಮುಂದೆ ಅವರ ಭಾಷಣದ ತುಣುಕುಗಳು ಎಷ್ಟೋ ರಾಪ್ ಹಾಡುಗಳಿಗೆ ಸೇರಿದವು. ಆದರೆ ಆ ರಾಪರ್‌ಗಳಿಗೆ ಧರ್ಮ ಹಾಡಿನ ಒಂದು ಎಳೆ. ನೇಟಿವ್ ದೀನ್‌ಗೆ ಅದೇ ನೆಲ. ಇವರ ಹಾಡಿನಲ್ಲಿ ಬೈಗುಳವಿಲ್ಲ. ಮುಖ್ಯವಾಗಿ ಹಾಡುವುದು ಮುಸ್ಲಿಂ ಸಮ್ಮೇಳನ, ಮದುವೆ, ಕಾಲೇಜು ಸಭೆಗಳಲ್ಲಿ.

ತಂಡ ಕಟ್ಟಿದ ಮರುವರ್ಷವೇ 2001ರ ಸೆಪ್ಟೆಂಬರ್ 11ರ ಭಯೋತ್ಪಾದಕ ದಾಳಿ. ಹೆಸರು ಹೇಳಲು, ತಲೆವಸ್ತ್ರ ಹಾಕಲು ಅಮೆರಿಕದ ಮುಸ್ಲಿಂ ಮಕ್ಕಳು ಅಂಜುವ ಕಾಲ. ಇವರ ಹೆಸರಾದ ಹಾಡೊಂದು 'ಮುಸ್ಲಿಂ' ಪದದ ಆರು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಗಿಸುತ್ತದೆ. ಕೇಳುವವರೂ ಜೊತೆಗೆ ಕೂಗಬಹುದಾದ ಹಾಡು. ಕಿವಿಗೆ ಅದು ಬಾಲವಾಡಿ ಪದ್ಯದಂತಿದೆ. ಆದರೆ ಹೆದರಿದ ಮಗು ತನ್ನ ಗುರುತನ್ನು ನೂರು ಜನರ ಜೊತೆ ಗಟ್ಟಿಯಾಗಿ ಹೇಳುವುದಕ್ಕಿಂತ ದೊಡ್ಡ ರಾಜಕೀಯ ಯಾವುದು? ಒಂಟಿಯಾಗಿ ನಿಲ್ಲಲು ಅಂಜುವುದಿಲ್ಲ ಎಂಬ ಅರ್ಥದ ಹೆಸರನ್ನೇ ಇವರು 2007ರ ಆಲ್ಬಂಗೆ ಇಟ್ಟರು. ಜೋಶುವಾ ಸಲಾಮ್ ಮುಸ್ಲಿಮರ ನಾಗರಿಕ ಹಕ್ಕುಗಳ ಸಂಸ್ಥೆಯಲ್ಲಿ ಕೆಲಸ ಮಾಡಿದವರು, ಮುಂದೆ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮುಸ್ಲಿಂ ವಿದ್ಯಾರ್ಥಿಗಳ ಧರ್ಮಗುರುವಾದರು. ಹಾಡಿನ ಮಾತು ಅವರ ಕೆಲಸದಲ್ಲೂ ಇತ್ತು.

ನನ್ನನ್ನು ಕಾಡುವ ಒಂದು ಸಂಗತಿಯಿದೆ. ಅಮೆರಿಕದ ವಿದೇಶಾಂಗ ಇಲಾಖೆ ಈ ತಂಡವನ್ನು ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾಕ್ಕೆ ಸಾಂಸ್ಕೃತಿಕ ಪ್ರವಾಸ ಕಳಿಸಿತು. ಇರಾಕ್ ಯುದ್ಧದ ವರ್ಷಗಳವು. 1956ರಲ್ಲಿ ಜಾಝ್ ಕಲಾವಿದ ಡಿಝಿ ಗಿಲೆಸ್ಪಿಯನ್ನು ಕಳಿಸಿದ್ದೂ ಹೀಗೆಯೇ. ಸರ್ಕಾರ ತನ್ನ ಮುಖ ತೊಳೆಯಲು ಕಲಾವಿದರನ್ನು ಬಳಸಿಕೊಂಡಿತು ಎನ್ನುವವರ ಮಾತನ್ನು ನಾನು ತಳ್ಳಿಹಾಕಲಾರೆ. ಹಾಗೆಂದು ಆ ಮೂವರ ಪ್ರಾಮಾಣಿಕತೆಯ ಮೇಲೆ ನನಗೆ ಅನುಮಾನವಿಲ್ಲ. ಅವರ ಹಾಡುಗಳನ್ನು ಕೇಳಿದ್ದೇನೆ, ಮಾತು ತೂಕದ್ದು.

ಮಿಕ್ಸಿಂಗ್ ಮುಗಿದ ಮೇಲೆ ನಾನು ಯಾವಾಗಲೂ ಹಾಡನ್ನು ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಹಾಕಿ ನೋಡುತ್ತೇನೆ. ಅದರಲ್ಲಿ ಕೆಳಗಿನ ಗುಮ್ಮು ಬರುವುದೇ ಇಲ್ಲ. ದಫ್ ತಂಡದ ಹಾಡನ್ನೂ ಹಾಗೆ ಹಾಕಿದೆ. ಹತ್ತು ದಫ್‌ನ ಅಬ್ಬರ ಹೋಗಿ ಟಕ್ ಟಕ್ ಅಷ್ಟೇ ಉಳಿಯಿತು. ಹುಡುಗರ ಮುಖ ಬಾಡಿತು. ಉಸ್ತಾದರು ಮಾತ್ರ ಮೊಬೈಲನ್ನು ಕಿವಿಗೆ ಹತ್ತಿರ ಹಿಡಿದು ಪೂರ್ತಿ ಹಾಡು ಕೇಳಿದರು. "ಒಂದೊಂದು ಶಬ್ದವೂ ಕೇಳ್ತದೆ ಸರ್," ಅಂದರು. "ಇನ್ನೇನೂ ಮುಟ್ಟಬೇಡಿ."