ಮೀನಿನ ಪಾಲು, ಮಾತಿನ ಪಾಲು

1984ರಲ್ಲಿ ಐಸ್‌ಲ್ಯಾಂಡ್ ತನ್ನ ಕಾಡ್ ಮೀನನ್ನು ಉಳಿಸಿಕೊಳ್ಳಲು ದೋಣಿವಾರು ಕೋಟಾ ತಂದಿತು. ಕಡಲು ಬರಿದಾಗುತ್ತಿತ್ತು, ಮಿತಿ ಹಾಕಲೇಬೇಕಿತ್ತು. ಆದರೆ ಆ ಮಿತಿಯೊಳಗೆ ಯಾರಿಗೆಷ್ಟು? 1980ರ ನವೆಂಬರ್‌ನಿಂದ 1983ರ ಅಕ್ಟೋಬರ್‌ವರೆಗೆ ಯಾವ ದೋಣಿ ಎಷ್ಟು ಹಿಡಿದಿತ್ತೋ ಅದೇ ಅಳತೆಗೋಲಾಯಿತು. ಪಾಲು ಸಿಕ್ಕಿದ್ದು ಉಚಿತವಾಗಿ, ದೋಣಿಯ ಮಾಲೀಕರಿಗೆ.

ಅದೇ ದೋಣಿಯಲ್ಲಿ ಬಲೆ ಎಳೆದವರಿಗೆ, ದಡದಲ್ಲಿ ಮೀನು ಸೀಳಿದ ಹೆಂಗಸರಿಗೆ, ಬಂದರನ್ನೇ ನೆಚ್ಚಿದ್ದ ಊರುಗಳಿಗೆ ಪಾಲೆಂಬುದೇ ಇರಲಿಲ್ಲ. 1990ರ ಕಾಯ್ದೆಯ ಮೊದಲ ಕಲಮು ಮೀನುಸಂಪತ್ತು ಇಡೀ ರಾಷ್ಟ್ರದ ಸೊತ್ತು ಎಂದಿತು. ಮುಂದಿನ ಕಲಮುಗಳು ಕೋಟಾವನ್ನು ಮಾರಿಕೊಳ್ಳಲು ಬಿಟ್ಟವು. ಸಣ್ಣ ಊರುಗಳಿಂದ ಕೋಟಾ ಕೈಜಾರಿತು, ಅದರ ಬೆನ್ನಿಗೇ ಕೆಲಸವೂ ಹೋಯಿತು. 2001ರಲ್ಲಿ ಇಬ್ಬರು ಮೀನುಗಾರರು ಸರ್ಕಾರಕ್ಕೆ ಮೊದಲೇ ತಿಳಿಸಿ, ಕೋಟಾ ಇಲ್ಲದೆ ಕಡಲಿಗಿಳಿದರು. ದೇಶದ ನ್ಯಾಯಾಲಯಗಳು ಅವರಿಗೆ ಶಿಕ್ಷೆ ವಿಧಿಸಿದವು. ಆದರೆ 2007ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ, ಮೊದಲ ಕೋಟಾದಾರರಿಗೆ ಕಾಯಂ ಆಗಿ ದಕ್ಕಿದ ಈ ಸವಲತ್ತಿಗೆ ಒಪ್ಪುವಂಥ ಆಧಾರವಿಲ್ಲ, ಇದು ತಾರತಮ್ಯ ಎಂದಿತು. ಆ ಮಾತು ಬರುವ ಹೊತ್ತಿಗೆ ಹಂಚಿಕೆಯಾಗಿ 23 ವರ್ಷ ಕಳೆದಿತ್ತು. ನನ್ನ ತಕರಾರು ಮಿತಿಯ ಬಗ್ಗೆ ಅಲ್ಲ, ಈ ತಡದ ಬಗ್ಗೆ. ಒಮ್ಮೆ ಕೊಟ್ಟ ಪಾಲನ್ನು ಬ್ಯಾಂಕಿಗೆ ಅಡವಿಟ್ಟಿರುತ್ತಾರೆ, ದುಡ್ಡು ಕೊಟ್ಟು ಕೊಂಡಿರುತ್ತಾರೆ. ಆಮೇಲೆ ಅದನ್ನು ಹಿಂದಕ್ಕೆ ಕೇಳುವುದು ಯಾವ ಸರ್ಕಾರಕ್ಕೂ ಸುಲಭವಲ್ಲ.

ಹಲವು ದೇಶಗಳು ಸೇರಿ ಮಾಡಿಕೊಂಡ 1998ರ ಆರ್ಹಸ್ ಒಪ್ಪಂದ ಇದನ್ನು ಸರಿಯಾಗಿ ಹಿಡಿದಿದೆ. ಪರಿಸರದ ವಿಷಯದಲ್ಲಿ ಮಾಹಿತಿ, ಭಾಗವಹಿಸುವಿಕೆ, ನ್ಯಾಯ ಈ ಮೂರೂ ಜನರ ಹಕ್ಕು ಎನ್ನುವುದರ ಜೊತೆಗೆ, ಎಲ್ಲ ಆಯ್ಕೆಗಳೂ ತೆರೆದಿರುವಾಗಲೇ ಜನರನ್ನು ಕೇಳಬೇಕು ಎನ್ನುತ್ತದೆ.

ಅಮೆರಿಕದ ಅಲಾಸ್ಕದಲ್ಲಿ 1992ರಲ್ಲಿ ಹೆಚ್ಚುಕಡಿಮೆ ಹಾಗೆ ನಡೆಯಿತು. ಬೇರಿಂಗ್ ಸಮುದ್ರದ ಪೊಲಾಕ್ ಮೀನಿನಲ್ಲಿ ಶೇ 7.5ರಷ್ಟನ್ನು ಪಶ್ಚಿಮ ಕರಾವಳಿಯ ಹಳ್ಳಿಗಳಿಗೆಂದು ಮೊದಲೇ ತೆಗೆದಿಟ್ಟರು. ಹೆಚ್ಚಿನವು ಮೂಲನಿವಾಸಿಗಳ ಹಳ್ಳಿಗಳು. ಮುಂದೆ ಅದು ಶೇ 10ಕ್ಕೆ ಏರಿತು.

ದಕ್ಷಿಣ ಆಫ್ರಿಕಾ ಮಾತ್ರ ಸುತ್ತುದಾರಿ ಹಿಡಿಯಿತು. ವರ್ಣಭೇದ ಅಳಿದ ಮೇಲೆ ಬಂದ 1998ರ ಕಡಲಸಂಪತ್ತಿನ ಕಾಯ್ದೆ ವಾಣಿಜ್ಯ, ಮನರಂಜನೆ, ಹೊಟ್ಟೆಪಾಡು ಎಂದು ಮೂರು ಬಗೆಯ ಮೀನುಗಾರಿಕೆಯನ್ನು ಗುರುತಿಸಿತು. ಸಣ್ಣ ದೋಣಿಯಲ್ಲಿ ಹಿಡಿದು, ಮಾರಿ ಬದುಕುವವರು ಈ ಮೂರರಲ್ಲೂ ಸೇರಲಿಲ್ಲ. ಅವರು ನ್ಯಾಯಾಲಯಕ್ಕೆ ಹೋದರು. 2007ರ ಆದೇಶ ಅವರಿಗೆ ತಾತ್ಕಾಲಿಕ ಪರಿಹಾರ ಕೊಟ್ಟು, ಹೊಸ ನೀತಿ ರೂಪಿಸುವಂತೆ ಸರ್ಕಾರಕ್ಕೆ ಹೇಳಿತು. ಆ ನೀತಿ 2012ರಲ್ಲಿ ಬಂತು. ಮೀನಿನ ಹಕ್ಕು ಒಬ್ಬೊಬ್ಬರಿಗಲ್ಲ, ಸಮುದಾಯಕ್ಕೆ ಎಂದು ಅದರಲ್ಲಿ ಬರೆಯಲಾಯಿತು.