ಮುಟ್ಟಬ್ಯಾಡ್ರಿ, ದೂರ ಸರೀರಿ

ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರಂ 1,507 ಮೀಟರ್ ಉದ್ದ ಇದೆ. ಜಗತ್ತಿನಲ್ಲೇ ಅತಿ ಉದ್ದದ್ದು ಅಂತ ಗಿನ್ನೆಸ್ ದಾಖಲೆಗೂ ಸೇರಿದೆ. ಈ ತುದಿಯಿಂದ ಆ ತುದಿಗೆ ಸುಮ್ನೆ ನಡೆದರೂ 18-20 ನಿಮಿಷ ಬೇಕು. ಅದೇ ದಾರಿಯನ್ನು ಒಂದು ನಾಯಿಯ ಹಿಂದೆ, ಪ್ರತಿ ಕಸದ ಡಬ್ಬಿ, ಪ್ರತಿ ಬೆಂಚಿನ ಅಡಿ, ಪ್ರತಿ ಪಾರ್ಸಲ್ ಗಂಟಿನ ಹತ್ತಿರ ನಿಂತು ನಿಂತು ನಡೆಯಬೇಕು ಅಂದುಕೊಳ್ಳಿ. ಸ್ವಾತಂತ್ರ್ಯ ದಿನದ ಮುಂಚೆ, ಗಣರಾಜ್ಯೋತ್ಸವದ ಮುಂಚೆ, ಗಣೇಶ ವಿಸರ್ಜನೆ ಹೊತ್ತಿಗೆ, ಯಾರಾದರೂ ಮಂತ್ರಿ ಬರುತ್ತಾರೆ ಅಂದಾಗ, ಬಾಂಬ್ ಪತ್ತೆ ಮತ್ತು ನಿಷ್ಕ್ರಿಯ ದಳದವರು ಹೀಗೆ ನಡೆಯುತ್ತಾರೆ. ಬಹುತೇಕ ಸಲ ಏನೂ ಸಿಗುವುದಿಲ್ಲ.

ಒಮ್ಮೆ ಬೆಂಗಳೂರು ರೈಲಿಗೆ ಕಾಯುತ್ತಿದ್ದಾಗ ಇದನ್ನು ಹತ್ತಿರದಿಂದ ನೋಡಿದೆ. ಬೆಂಚಿನ ಪಕ್ಕ ಒಂದು ಕೆಂಪು ಬ್ಯಾಗು, ಜೊತೆಗೆ ಯಾರೂ ಇಲ್ಲ. ಲ್ಯಾಬ್ರಡಾರ್ ಬಂತು. ಬ್ಯಾಗಿನ ಜಿಪ್ಪಿನ ಉದ್ದಕ್ಕೂ ಮೂಗು ಓಡಿಸಿತು. ಹಿಂದಿದ್ದ ಪೊಲೀಸರು ಉಸಿರು ಬಿಗಿಹಿಡಿದಿದ್ದು ಅವರ ಭುಜ ನೋಡಿದರೇ ಗೊತ್ತಾಗುತ್ತಿತ್ತು. ನಾಯಿ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ನಲ್ಲಿಯಿಂದ ಬಾಟಲಿ ತುಂಬಿಸಿಕೊಂಡು ಬ್ಯಾಗಿನ ಒಡತಿ ಬಂದರು. ಅವರು ಬ್ಯಾಗಿನ ಹತ್ತಿರ ಓಡಿದಾಗ ಪೊಲೀಸರೊಬ್ಬರು ಹೇಳಿದ್ದು ಎರಡೇ ಮಾತು: "ಮುಟ್ಟಬ್ಯಾಡ್ರಿ. ದೂರ ಸರೀರಿ."

ಈ ಎರಡು ಮಾತಿನಲ್ಲಿ ಬಾಂಬ್ ದಳದ ಪೂರ್ತಿ ವಿಜ್ಞಾನ ಇದೆ ಅಂತ ನನಗೆ ಆಮೇಲೆ ಓದುತ್ತಾ ಹೋದಾಗ ಅನ್ನಿಸಿತು. ಸಿನಿಮಾದಲ್ಲಿ ಕೆಂಪು ವೈರ್ ಕತ್ತರಿಸಬೇಕಾ, ನೀಲಿ ವೈರ್ ಕತ್ತರಿಸಬೇಕಾ ಅಂತ ಬೆವರುತ್ತಾರಲ್ಲ, ನಿಜವಾದ ಕೆಲಸ ಹಾಗಿರುವುದಿಲ್ಲ. ಮನುಷ್ಯ ಆ ವಸ್ತುವಿನ ಹತ್ತಿರ ಹೋಗದೆ ಕೆಲಸ ಮುಗಿಸುವುದು ಹೇಗೆ, ಹೋಗಲೇಬೇಕಾದರೆ ಎಷ್ಟು ಬೇಗ ವಾಪಸ್ ಬರಬಹುದು ಅನ್ನುವುದೇ ಅವರ ಲೆಕ್ಕ.

ಇದೇ ನಿಲ್ದಾಣದಲ್ಲಿ 2019ರ ಅಕ್ಟೋಬರ್ 21ರಂದು, ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ವಾರಸುದಾರರಿಲ್ಲದೆ ಸಿಕ್ಕ ಡಬ್ಬಿಯನ್ನು ತೆರೆಯುವಾಗ ಸ್ಫೋಟವಾಯಿತು. ತೆರೆದವರ ಕೈಗೆ ಗಾಯವಾಯಿತು. ಅದಕ್ಕೂ ಮುಂಚೆ, 2008ರ ಮೇ 10ರಂದು, ಹುಬ್ಬಳ್ಳಿಯ ನ್ಯಾಯಾಲಯದ ಕೊಠಡಿಯೊಂದರಲ್ಲಿ ಸ್ಫೋಟವಾಗಿತ್ತು. ಅವತ್ತು ಎರಡನೇ ಶನಿವಾರ. ಒಳಗೆ ಯಾರೂ ಇರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಒಂದು ಕಡೆ ಕೈ ತಾಗಿತ್ತು. ಇನ್ನೊಂದು ಕಡೆ ಹತ್ತಿರ ಯಾರೂ ಇರಲಿಲ್ಲ. ವ್ಯತ್ಯಾಸ ಅಷ್ಟೇ.

ಸ್ಫೋಟಕದಲ್ಲಿ ಅಂಥದ್ದೇನಿದೆ? ಜಾಸ್ತಿ ಶಕ್ತಿ ಇರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗೇನೂ ಇಲ್ಲ. ಟಿ.ಎನ್.ಟಿ. ಅನ್ನುವ ಸ್ಫೋಟಕದ ಒಂದು ಗ್ರಾಂನಲ್ಲಿರುವುದು ಲೆಕ್ಕಕ್ಕೆ ಒಂದು ಕಿಲೋಕ್ಯಾಲರಿ. ಒಂದು ಗ್ರಾಂ ಜೋಳದ ಹಿಟ್ಟಿನಲ್ಲಿ ಮೂರಕ್ಕೂ ಜಾಸ್ತಿ ಇದೆ! ಎರಡು ರೊಟ್ಟಿಗೆ 100 ಗ್ರಾಂ ಹಿಟ್ಟು ಅಂತ ಇಟ್ಟುಕೊಂಡರೆ, ಪುಂಡಿಪಲ್ಯೆ ಹಚ್ಚಿಕೊಂಡು ನಾವು ತಿನ್ನುವುದು 300 ಗ್ರಾಂಗೂ ಮೀರಿದ ಟಿ.ಎನ್.ಟಿ.ಯಷ್ಟು ಶಕ್ತಿ. ಆದರೆ ದೇಹ ಅದನ್ನು ಗಾಳಿಯ ಆಮ್ಲಜನಕದ ಜೊತೆ ಗಂಟೆಗಟ್ಟಲೆ ನಿಧಾನವಾಗಿ ಉರಿಸುತ್ತದೆ. ಸ್ಫೋಟಕಕ್ಕೆ ಗಾಳಿಗಾಗಿ ಕಾಯುವ ಕೆಲಸ ಇಲ್ಲ. ಉರಿಯಲು ಬೇಕಾದ ಆಮ್ಲಜನಕವನ್ನು ಅದು ತನ್ನ ಅಣುವಿನೊಳಗೇ ಕಟ್ಟಿಕೊಂಡು ಬಂದಿರುತ್ತದೆ. ಹಾಗಾಗಿ ಇರುವ ಅಷ್ಟು ಶಕ್ತಿಯನ್ನೂ ಒಂದೇ ಕ್ಷಣಕ್ಕೆ ಚೆಲ್ಲಿಬಿಡುತ್ತದೆ.

ಆ ಕ್ಷಣ ಎಷ್ಟು ಚಿಕ್ಕದು ಅನ್ನುವುದಕ್ಕೆ ನಮ್ಮ ಪ್ಲಾಟ್‌ಫಾರಮ್ಮನ್ನೇ ಅಳತೆಗೋಲು ಮಾಡಿಕೊಳ್ಳೋಣ. ಈ ತುದಿಯಲ್ಲಿ ನಿಂತು ಕೂಗಿದರೆ ಧ್ವನಿ ಆ ತುದಿ ಮುಟ್ಟಲು ಸುಮಾರು ನಾಲ್ಕೂವರೆ ಸೆಕೆಂಡು ಬೇಕು. ಟಿ.ಎನ್.ಟಿ.ಯೊಳಗೆ ಸ್ಫೋಟ ಓಡುವ ವೇಗ ಸೆಕೆಂಡಿಗೆ ಸುಮಾರು 6,900 ಮೀಟರ್. ಆ ವೇಗಕ್ಕೆ ಇಡೀ 1,507 ಮೀಟರ್ ಒಂದು ಸೆಕೆಂಡಿನ ಐದನೇ ಒಂದು ಭಾಗದ ಹಾದಿ. ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟರಲ್ಲಿ ಗಟ್ಟಿ ಪದಾರ್ಥ ಸಾವಿರಾರು ಡಿಗ್ರಿ ಬಿಸಿಯ ಅನಿಲ ಆಗುತ್ತದೆ. ಒತ್ತಡ ನಾವು ಉಸಿರಾಡುವ ಗಾಳಿಯ ಒತ್ತಡದ ಸುಮಾರು ಎರಡು ಲಕ್ಷ ಪಟ್ಟು. ಪಕ್ಕದ ಗಾಳಿಗೆ ದಾರಿ ಬಿಡಲು ಸಮಯವೇ ಸಿಗುವುದಿಲ್ಲ. ಅದು ಗೋಡೆಯ ಹಾಗೆ ಒತ್ತಿಕೊಂಡು ಮುನ್ನುಗ್ಗುತ್ತದೆ. ಇದೇ ಆಘಾತದ ಅಲೆ.

ನಮ್ಮ ಕಿವಿಯ ತಮಟೆ ಹರಿಯಲು ಹೆಚ್ಚುವರಿ ಒತ್ತಡ ಎಷ್ಟು ಸಾಕು ಗೊತ್ತಾ? ಟೈರಿನ ಗಾಳಿ ಅಳೆಯುವ ಲೆಕ್ಕದಲ್ಲಿ ಸುಮಾರು 5 ಪಿ.ಎಸ್.ಐ. ಬೈಕಿನ ಟೈರಿಗೆ ನಾವು ಹಾಕಿಸುವುದು 30ರ ಹತ್ತಿರ. ಅಂದರೆ ಟೈರಿನೊಳಗಿನ ಒತ್ತಡದ ಆರನೇ ಒಂದು ಭಾಗ, ಒಮ್ಮೆಲೇ ಬಂದು ಬಡಿದರೆ ಸಾಕು.

ಇಷ್ಟೆಲ್ಲ ಭಯಂಕರ ಅನ್ನಿಸಿದರೂ ಈ ಅಲೆಗೆ ಒಂದು ದೊಡ್ಡ ದೌರ್ಬಲ್ಯ ಇದೆ, ಮತ್ತು ಬಾಂಬ್ ದಳ ಬದುಕಿರುವುದೇ ಅದರ ಮೇಲೆ. ಅಲೆ ಎಲ್ಲ ದಿಕ್ಕಿಗೂ ಹರಡಬೇಕು. ಹರಡಿದಷ್ಟೂ ಸೊರಗುತ್ತದೆ. ಹತ್ತಿರದಲ್ಲಿ ದೂರ ದುಪ್ಪಟ್ಟು ಮಾಡಿದರೆ ಒತ್ತಡ ಅರ್ಧಕ್ಕಿಳಿಯುವುದಲ್ಲ, ಅದಕ್ಕಿಂತ ಬಹಳ ಕೆಳಗೆ ಬೀಳುತ್ತದೆ. 1915ರಲ್ಲಿ ಇಂಗ್ಲೆಂಡಿನ ಬರ್ಟ್ರಮ್ ಹಾಪ್‌ಕಿನ್ಸನ್ ಇದಕ್ಕೊಂದು ಸರಳ ಲೆಕ್ಕ ಕೊಟ್ಟರು. ಒಂದು ಕಿಲೋ ಸ್ಫೋಟಕ 10 ಮೀಟರಿನಲ್ಲಿ ಕೊಡುವ ಒತ್ತಡವನ್ನೇ 20 ಮೀಟರಿನಲ್ಲಿ ಕೊಡಲು ಎರಡು ಕಿಲೋ ಸಾಲದು, ಎಂಟು ಕಿಲೋ ಬೇಕು. ನಾವು ಹಿಂದಕ್ಕೆ ಇಡುವ ಪ್ರತಿ ಹೆಜ್ಜೆಯೂ ಬಾಂಬು ಇಟ್ಟವನ ಲೆಕ್ಕವನ್ನು ಹಾಳು ಮಾಡುತ್ತದೆ. ನನಗೆ ಈ ನಿಯಮ ಬಹಳ ಇಷ್ಟ. ಏನೂ ಗೊತ್ತಿಲ್ಲದವರ ಕೈಯಲ್ಲೂ ಒಂದು ಆಯುಧ ಇದೆ, ಅದು ಅವರ ಕಾಲು.

ಚೂರುಗಳ ಕಥೆ ಬೇರೆ. ಅಲೆ ಸೊರಗಿದರೂ ಕಬ್ಬಿಣದ ಚೂರು, ಗಾಜಿನ ಚೂರು ಬಹಳ ದೂರ ಹಾರುತ್ತವೆ. ದಳದವರು ನಮಗೆ ಅತಿ ಅನ್ನಿಸುವಷ್ಟು ದೂರ ಜನರನ್ನು ಕಳಿಸುವುದು, ಕಿಟಕಿ ಹತ್ತಿರ ನಿಲ್ಲಬೇಡಿ ಅನ್ನುವುದು ಇದಕ್ಕೇ. 1917ರ ಡಿಸೆಂಬರ್ 6ರಂದು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಮದ್ದುಗುಂಡು ತುಂಬಿದ ಹಡಗಿಗೆ ಬೆಂಕಿ ಬಿತ್ತು. ಜನ ಮನೆ, ಶಾಲೆ, ಕಾರ್ಖಾನೆಯ ಕಿಟಕಿಗಳಲ್ಲಿ ನಿಂತು ಹೊಗೆ ನೋಡುತ್ತಿದ್ದರು. ಹಡಗು ಸಿಡಿದಾಗ ಬೆಳಕು ಮೊದಲು ಬಂತು, ಗಾಜು ಒಡೆಯುವ ಅಲೆ ಆಮೇಲೆ. ಸುಮಾರು 1,800 ಜನ ಸತ್ತರು. ನೂರಾರು ಜನರ ಕಣ್ಣು ಗಾಜಿನ ಚೂರಿಗೆ ಹೋಯಿತು. ಅವರು ಮಾಡಿದ್ದು ಬರೀ ನೋಡಿದ್ದು, ಅಲ್ವಾ? ಈಗ ನಾವು ಮೊಬೈಲ್ ಎತ್ತಿ ವಿಡಿಯೊ ಮಾಡುತ್ತೇವೆ.

ಮುಟ್ಟದೆ ಒಳಗೇನಿದೆ ಅಂತ ತಿಳಿಯುವುದು ಹೇಗೆ? ಒಂದು ದಾರಿ ಎಕ್ಸ್-ರೇ. ಬ್ಯಾಗಿನ ಒಂದು ಪಕ್ಕ ಸಣ್ಣ ಯಂತ್ರ, ಇನ್ನೊಂದು ಪಕ್ಕ ಚಿತ್ರ ಹಿಡಿಯುವ ತೆಳ್ಳನೆಯ ಹಲಗೆ ಇಟ್ಟು, ದೂರ ಹೋಗಿ ಚಿತ್ರ ತೆಗೆಯುತ್ತಾರೆ. ವಿಮಾನ ನಿಲ್ದಾಣದ ದೊಡ್ಡ ಯಂತ್ರಗಳಲ್ಲಿ ಚಿತ್ರಕ್ಕೆ ಬಣ್ಣವೂ ಇರುತ್ತದೆ. ಲೋಹ ನೀಲಿ, ಹಗುರ ಧಾತುಗಳ ವಸ್ತು ಕಿತ್ತಳೆ. ಇಲ್ಲೊಂದು ತೊಡಕು ಬರುತ್ತದೆ. ಟಿ.ಎನ್.ಟಿ.ಯಲ್ಲಿರುವುದು ಇಂಗಾಲ, ಜಲಜನಕ, ಸಾರಜನಕ, ಆಮ್ಲಜನಕ. ಧಾರವಾಡ ಪೇಢೆಯಲ್ಲಿರುವುದೂ ಮುಖ್ಯವಾಗಿ ಇವೇ ನಾಲ್ಕು! ಹಾಲು, ಸಕ್ಕರೆ, ಹಾಲಿನ ಪ್ರೋಟೀನು. ಹಾಗಾಗಿ ಪೇಢೆ ಡಬ್ಬಿಯೂ ಪರದೆ ಮೇಲೆ ಕಿತ್ತಳೆಯಾಗಿಯೇ ಕಾಣುತ್ತದೆ. ಹುಬ್ಬಳ್ಳಿಯಿಂದ ವಿಮಾನ ಹತ್ತುವವರ ಎಷ್ಟು ಬ್ಯಾಗಿನಲ್ಲಿ ಪೇಢೆ ಇರುತ್ತದೆ ಅಂತ ಯೋಚಿಸಿದರೆ, ಪರದೆ ಮುಂದೆ ಕೂತವರ ಕೆಲಸ ಅರ್ಥವಾಗುತ್ತದೆ. ಅವರು ಬರೀ ಬಣ್ಣ ನೋಡುವುದಿಲ್ಲ. ಆ ಕಿತ್ತಳೆ ಮುದ್ದೆಯ ಪಕ್ಕ ಬ್ಯಾಟರಿ, ವೈರು ಸೇರಿಕೊಂಡಿವೆಯಾ ಅಂತ ನೋಡುತ್ತಾರೆ.

ಇನ್ನೊಂದು ದಾರಿ ನಾಯಿ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 50 ಲಕ್ಷ. ನಾಯಿಯಲ್ಲಿ ತಳಿಯ ಮೇಲೆ 20 ರಿಂದ 30 ಕೋಟಿವರೆಗೆ ಇರುತ್ತವೆ ಅನ್ನುತ್ತಾರೆ. ಆರ್.ಡಿ.ಎಕ್ಸ್.ನಂಥ ಸ್ಫೋಟಕ ಆವಿಯಾಗುವುದು ತೀರಾ ಕಡಿಮೆ. ಆದರೆ ಅದನ್ನು ತಯಾರಿಸುವಾಗ ಉಳಿದ ದ್ರಾವಕದ ವಾಸನೆ ಇರುತ್ತದೆ, ನಾಯಿ ಅದನ್ನು ಹಿಡಿಯುತ್ತದೆ. 1988ರಲ್ಲಿ ಸ್ಕಾಟ್ಲೆಂಡಿನ ಲಾಕರ್ಬಿ ಊರಿನ ಮೇಲೆ ಬಾಂಬಿನಿಂದ ವಿಮಾನ ಸ್ಫೋಟವಾದ ಮೇಲೆ, 1991ರಲ್ಲಿ ಮಾಂಟ್ರಿಯಲ್‌ನಲ್ಲಿ ಒಂದು ಒಪ್ಪಂದವಾಯಿತು. ಕಾರ್ಖಾನೆಯಲ್ಲಿ ತಯಾರಾಗುವ ಪ್ಲಾಸ್ಟಿಕ್ ಸ್ಫೋಟಕಕ್ಕೆ (ಹಿಟ್ಟಿನ ಮುದ್ದೆಯ ಹಾಗೆ ಮೆತ್ತಗಿರುವಂಥದ್ದು) ಯಂತ್ರ, ನಾಯಿ ಎರಡೂ ಹಿಡಿಯಬಲ್ಲ ವಾಸನೆಯ ವಸ್ತು ಬೆರೆಸಲೇಬೇಕು ಅಂತ.

ಬಾಂಬ್ ಪತ್ತೆ ಮಾಡುವ ನಾಯಿ ಸಿಕ್ಕಿತು ಅಂತ ಬೊಗಳುವುದಿಲ್ಲ, ಕಾಲಿನಿಂದ ಕೆರೆಯುವುದಿಲ್ಲ. ಸುಮ್ಮನೆ ಕೂತುಬಿಡುತ್ತದೆ. "ಮುಟ್ಟಬ್ಯಾಡ್ರಿ" ಪಾಠ ಅದಕ್ಕೂ ಆಗಿರುತ್ತದೆ. ನಮ್ಮ ಕಡೆಯವರು ಮುಧೋಳ ನಾಯಿ ಯಾಕೆ ಬಳಸಬಾರದು ಅಂತ ಕೇಳುವುದುಂಟು. ಮುಧೋಳ ಮೂಲತಃ ಕಣ್ಣಿನಿಂದ ನೋಡಿ ಓಡಿ ಬೇಟೆಯಾಡುವ ತಳಿ. ಜನಜಂಗುಳಿಯಲ್ಲಿ ತಾಳ್ಮೆಯಿಂದ ಮೂಸುತ್ತಾ ಹೋಗುವ ಕೆಲಸಕ್ಕೆ ಲ್ಯಾಬ್ರಡಾರ್ ಹೆಚ್ಚು ಒಗ್ಗುತ್ತದೆ. ಆದರೆ ಅದಕ್ಕೂ ಸುಸ್ತಾಗುತ್ತದೆ. ಅರ್ಧ ಗಂಟೆಗೊಮ್ಮೆ ವಿಶ್ರಾಂತಿ ಬೇಕು. ಏಪ್ರಿಲ್ ಬಿಸಿಲಿನಲ್ಲಿ ನಾಯಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ಬಾಯಿಂದ ಉಸಿರಾಡುವಾಗ ಮೂಸುವುದು ಕಡಿಮೆಯಾಗುತ್ತದೆ.

ವಸ್ತು ನಿಜಕ್ಕೂ ಸಂಶಯದ್ದು ಅಂತಾದರೆ ಮೊದಲು ಯಂತ್ರವನ್ನು ಕಳಿಸುತ್ತಾರೆ, ಇದ್ದರೆ. ಉತ್ತರ ಐರ್ಲೆಂಡಿನಲ್ಲಿ 1972ರಲ್ಲಿ ಬ್ರಿಟಿಷ್ ಸೇನೆ ಒಂದು ತಳ್ಳುಗಾಡಿಯನ್ನೇ ದೂರದಿಂದ ನಡೆಸುವ ಹಾಗೆ ಮಾಡಿತು. ಈಗಿನ ಬಾಂಬ್ ರೋಬೋಗಳೆಲ್ಲ ಅದರ ಮೊಮ್ಮಕ್ಕಳು. ನಮ್ಮಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿ.ಆರ್.ಡಿ.ಒ.ದ ಪುಣೆ ಪ್ರಯೋಗಾಲಯ 'ದಕ್ಷ' ಅನ್ನುವ ರೋಬೋ ಮಾಡಿತು. ಮೆಟ್ಟಿಲು ಹತ್ತುತ್ತದೆ, ಅರ್ಧ ಕಿಲೋಮೀಟರ್ ದೂರದಿಂದ ನಡೆಸಬಹುದು.

ರೋಬೋ ಕೈಯಲ್ಲಿರುವ ಆಯುಧ ಯಾವುದು ಅಂದರೆ, ನೀರು. ಚಿಕ್ಕ ಫಿರಂಗಿಯಂಥ ಕೊಳವೆಯಿಂದ ಒಂದಿಷ್ಟು ನೀರನ್ನು ಗುಂಡಿನ ವೇಗದಲ್ಲಿ ಹೊಡೆಯುತ್ತಾರೆ. ನೀರು ಮೆತ್ತಗೆ ಅಂತ ಅನ್ನಿಸುತ್ತಾ? ಬಾವಿಗೆ ಹೊಟ್ಟೆ ಅಡಿಯಾಗಿ ಬಿದ್ದವರನ್ನು ಕೇಳಿ. ವೇಗ ಹೆಚ್ಚಾದಷ್ಟೂ ನೀರು ಕಲ್ಲಾಗುತ್ತದೆ. ಆ ನೀರು ಡಬ್ಬಿಯನ್ನು ಸೀಳಿ, ಬ್ಯಾಟರಿ ಒಂದು ಕಡೆ, ಮದ್ದು ಇನ್ನೊಂದು ಕಡೆ ಎಸೆಯುತ್ತದೆ. ಕರೆಂಟು ಹರಿದು ಕಿಡಿ ಹತ್ತಿಸುವ ಮುಂಚೆಯೇ ದಾರಿ ತುಂಡಾಗಿರುತ್ತದೆ. ವೈರ್ ಕತ್ತರಿಸುವುದು ಅಂತ ಒಂದಿದ್ದರೆ ಅದು ಇದೇ, ದೂರದಿಂದ, ಎಲ್ಲ ವೈರನ್ನೂ ಒಟ್ಟಿಗೆ.

ಯಂತ್ರ ಇಲ್ಲದ ಕಡೆ, ಹೋಗಲಾಗದ ಕಡೆ ಮನುಷ್ಯ ಹೋಗುತ್ತಾರೆ. ಒಬ್ಬರೇ. ಇಬ್ಬರು ಹೋಗುವಂತಿಲ್ಲ, ಹೋದರೆ ಇಬ್ಬರ ಜೀವ. ಮೈಮೇಲೆ 35-40 ಕಿಲೋದ ಸೂಟು, ಕೆವ್ಲಾರ್ ಅನ್ನುವ ಗಟ್ಟಿ ನಾರಿನ ಪದರಗಳು, ಎದೆಗೆ ಗಟ್ಟಿ ಹಲಗೆ, ಗಲ್ಲದವರೆಗೆ ಬರುವ ಕಾಲರು. ಬೆವರು ಆರಲು ಜಾಗವೇ ಇಲ್ಲ, ಹೆಲ್ಮೆಟ್ಟಿನೊಳಗೆ ಸಣ್ಣ ಫ್ಯಾನು. ಹೊರಗೆ 38 ಡಿಗ್ರಿ ಇದ್ದಾಗ ಒಳಗೆ ಏನಿರಬಹುದು ಊಹಿಸಿ. ಇಷ್ಟೆಲ್ಲ ಹೊದ್ದವರ ಕೈ ಮಾತ್ರ ಸಾಮಾನ್ಯವಾಗಿ ಬರಿಗೈ. ದಪ್ಪ ಗವಸು ಹಾಕಿದರೆ ಬೆರಳಿಗೆ ಏನೂ ತಿಳಿಯುವುದಿಲ್ಲ. ಸಣ್ಣ ಗಂಟು, ಸಣ್ಣ ಅಂಟು, ಎಲ್ಲ ಬೆರಳ ತುದಿಗೇ ಗೊತ್ತಾಗಬೇಕು. ಆ ಬರಿಗೈಗಳ ಚಿತ್ರ ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಗಿನಲ್ಲಿ ಸ್ಫೋಟಕ ಸಿಕ್ಕಾಗ ಈ ಕ್ರಮ ಇಡೀ ರಾಜ್ಯ ಟಿ.ವಿ.ಯಲ್ಲಿ ನೋಡಿತು. ಬ್ಯಾಗನ್ನು ಉಕ್ಕಿನ ದಪ್ಪ ಪಾತ್ರೆಯ ವಾಹನದಲ್ಲಿಟ್ಟು ಕೆಂಜಾರಿನ ಖಾಲಿ ಮೈದಾನಕ್ಕೆ ಒಯ್ದರು. ಗಂಟೆಗಟ್ಟಲೆ ಕಾದು, ಸಂಜೆ ಅಲ್ಲೇ ಸ್ಫೋಟಿಸಿದರು. ಒಬ್ಬರಿಗೂ ಗಾಯವಾಗಲಿಲ್ಲ. ನೋಡುತ್ತಿದ್ದವರಿಗೆ "ಇಷ್ಟು ಹೊತ್ತು ಯಾಕೆ" ಅನ್ನಿಸಿರಬಹುದು. ಆ ಹೊತ್ತೇ ಕೆಲಸ.

ಸ್ಫೋಟ ಆಗಿಹೋದ ಮೇಲೂ ಕೆಲಸ ಮುಗಿಯುವುದಿಲ್ಲ. ಮಣ್ಣು, ಬಟ್ಟೆ ಚೂರು, ಗೋಡೆಯ ಮಸಿ ಎಲ್ಲ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಬೇಕು. ಧಾರವಾಡಕ್ಕೂ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಸಿಕ್ಕಿದೆ. 2023ರ ಜನವರಿ 28ರಂದು ಶಿಲಾನ್ಯಾಸವಾಯಿತು. ನಮ್ಮೂರಿನ ಮಕ್ಕಳು ಈ ರಸಾಯನಶಾಸ್ತ್ರ ಇಲ್ಲೇ ಕಲಿಯಲಿ.

ಹುಸಿ ಕರೆಗಳ ಬಗ್ಗೆ ಮಾತ್ರ ನನಗೆ ಸಿಟ್ಟಿದೆ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 60ಕ್ಕೂ ಹೆಚ್ಚು ಶಾಲೆಗಳಿಗೆ ಒಂದೇ ದಿನ ಬೆದರಿಕೆ ಇ-ಮೇಲ್ ಬಂತು. ಎಲ್ಲವೂ ಸುಳ್ಳು. ಆದರೆ ಸುಳ್ಳು ಅಂತ ಹೇಳಲು ಪ್ರತಿ ಡೆಸ್ಕಿನ ಅಡಿ ನೋಡಲೇಬೇಕು. ಕಳಿಸಿದವನಿಗೆ ಅದು ಒಂದು ನಿಮಿಷದ ಕೆಲಸ. ಹುಡುಕುವವರಿಗೆ ಇಡೀ ದಿನ ಹೋಗುತ್ತದೆ. ನಾಯಿಯ ಮೂಗೂ ಸೋಲುತ್ತದೆ.

ಏನೂ ಸಿಗದ ದಿನಗಳಿಗೆ ಇನ್ನೊಂದು ಅಪಾಯವೂ ಇದೆ. ದಿನಾ ಹುಡುಕಿ ದಿನಾ ಏನೂ ಸಿಗದಿದ್ದರೆ ನಾಯಿಗೆ ಆಸಕ್ತಿ ಹೋಗುತ್ತದೆ, ಇದನ್ನು ಪ್ರಯೋಗ ಮಾಡಿಯೇ ಕಂಡುಕೊಂಡಿದ್ದಾರೆ. ಅದಕ್ಕೆ ನಾಯಿಯನ್ನು ನೋಡಿಕೊಳ್ಳುವವರು ಒಂದು ಉಪಾಯ ಮಾಡುತ್ತಾರೆ. ತರಬೇತಿಯ ಸ್ಫೋಟಕದ ಮಾದರಿಯನ್ನು, ಸಿಡಿಯುವ ಜೋಡಣೆ ಯಾವುದೂ ಇಲ್ಲದ್ದನ್ನು, ಮೈದಾನದ ಒಂದು ಮೂಲೆಯಲ್ಲಿ ಬಚ್ಚಿಡುತ್ತಾರೆ. ನಾಯಿ ಮೂಸುತ್ತಾ ಬರುತ್ತದೆ, ದಾಟಿ ಹೋಗುತ್ತದೆ, ತಿರುಗಿ ಬರುತ್ತದೆ. ಬಾಲ ನಿಲ್ಲುತ್ತದೆ. ನಿಧಾನಕ್ಕೆ ಕೂತು ತನ್ನವರ ಮುಖ ನೋಡುತ್ತದೆ. ಅವರು ಜೇಬಿನಿಂದ ಚೆಂಡು ತೆಗೆದು ಎಸೆಯುತ್ತಾರೆ.