ಮಸಾಲೆ ಡಬ್ಬಿಯ ಚಕ್ಕೆ, ಔಷಧದ ದಾಲ್ಚಿನ್ನಿ

ನಮ್ಮ ದಿನಸಿ ಅಂಗಡಿಗಳಲ್ಲಿ ಚಕ್ಕೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವುದು ದಪ್ಪನೆಯ, ಗಟ್ಟಿಯಾದ, ಕಡುಗಂದು ಬಣ್ಣದ ತೊಗಟೆಯ ತುಂಡು. ಪಲಾವಿಗೂ ವಾಂಗಿಬಾತಿನ ಪುಡಿಗೂ ಬೀಳುವ ಈ ಚಕ್ಕೆ ಹೆಚ್ಚಿನ ಪಾಲು ಕ್ಯಾಸಿಯಾ ಎಂಬ ಮರದ್ದೇ ಹೊರತು ಶ್ರೀಲಂಕಾ ಮೂಲದ ಅಸಲಿ ದಾಲ್ಚಿನ್ನಿಯದಲ್ಲ. ಅಡುಗೆಯ ಮಟ್ಟಿಗೆ ಇದು ರುಚಿಯ ವ್ಯತ್ಯಾಸವಷ್ಟೆ. ಆದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ, ತೂಕ ಇಳಿಯುತ್ತದೆ ಎಂಬ ಮಾತನ್ನು ನಂಬಿ ಅದೇ ಚಕ್ಕೆಯನ್ನು ಪುಡಿ ಮಾಡಿಕೊಂಡು ಪ್ರತಿದಿನ ಬೆಳಿಗ್ಗೆ ಚಮಚದ ಲೆಕ್ಕದಲ್ಲಿ ಸೇವಿಸುವವರ ವಿಷಯದಲ್ಲಿ, ಡಬ್ಬಿಯಲ್ಲಿರುವುದು ಯಾವ ಮರದ ತೊಗಟೆ ಎಂಬುದು ಯಕೃತ್ತಿನ ಆರೋಗ್ಯಕ್ಕೆ ಸಂಬಂಧಿಸಿದ ಪ್ರಶ್ನೆಯಾಗುತ್ತದೆ.

ದಾಲ್ಚಿನ್ನಿ ಸಿನ್ನಮೋಮಮ್ ಕುಲಕ್ಕೆ ಸೇರಿದ ಮರ. ಪಲಾವಿಗೆ ಹಾಕುವ ಎಲೆ ಕೂಡ ಇದೇ ಕುಲದ, ಹಿಮಾಲಯದ ತಪ್ಪಲಿನ ಸಿನ್ನಮೋಮಮ್ ತಮಾಲ ಮರದ್ದು. ಬುಡದಿಂದಲೇ ಉದ್ದಕ್ಕೆ ಹರಿಯುವ ಮೂರು ನರಗಳಿಂದ ಅದನ್ನು ಗುರುತಿಸಬಹುದು. ತೊಗಟೆಗಾಗಿ ಜಗತ್ತಿನ ಮಾರುಕಟ್ಟೆಗೆ ಬರುವ ಮುಖ್ಯ ಬಗೆಗಳು ನಾಲ್ಕು. ಶ್ರೀಲಂಕಾದ ಸಿನ್ನಮೋಮಮ್ ವೆರಮ್ ಅಸಲಿ ದಾಲ್ಚಿನ್ನಿ ಎನಿಸಿಕೊಂಡಿದೆ. ಉಳಿದ ಮೂರನ್ನು, ಅಂದರೆ ಚೀನಾದ ಸಿನ್ನಮೋಮಮ್ ಕ್ಯಾಸಿಯಾ, ಇಂಡೋನೇಷ್ಯಾದ ಸಿನ್ನಮೋಮಮ್ ಬರ್ಮನಿ ಮತ್ತು ಸೈಗಾನ್ ದಾಲ್ಚಿನ್ನಿ ಎಂದು ಹೆಸರಾದ ವಿಯೆಟ್ನಾಮಿನ ಖಾರವಾದ ಬಗೆ, ಇವನ್ನು ಒಟ್ಟಾಗಿ ಕ್ಯಾಸಿಯಾ ಎನ್ನುವುದು ರೂಢಿ. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಸಿನ್ನಮೋಮಮ್ ಮಲಬಾತ್ರಮ್ ಮೊದಲಾದ ಕಾಡು ದಾಲ್ಚಿನ್ನಿಗಳಿವೆ. ಕೇರಳದಲ್ಲಿ ಅದರ ಎಲೆಯನ್ನು ವಯನ ಎಂದು ಕರೆದು, ಅದರಲ್ಲಿ ಅಕ್ಕಿಹಿಟ್ಟು ಬೆಲ್ಲ ತುಂಬಿ ಕಡುಬು ಬೇಯಿಸುತ್ತಾರೆ. ಅಸಲಿ ದಾಲ್ಚಿನ್ನಿಯ ಕೃಷಿಯೂ ದಕ್ಷಿಣ ಭಾರತಕ್ಕೆ ಹೊಸತಲ್ಲ: ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿಯೇ ಕಣ್ಣೂರಿನ ಅಂಜರಕಂಡಿಯಲ್ಲಿ ದೊಡ್ಡ ತೋಟ ಎದ್ದಿತ್ತು, ಮತ್ತು ಕೋಯಿಕ್ಕೋಡಿನ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ನವಶ್ರೀ, ನಿತ್ಯಶ್ರೀ ಎಂಬ ತಳಿಗಳನ್ನು ರೈತರಿಗೆ ಕೊಟ್ಟಿದೆ.

ಅಸಲಿ ದಾಲ್ಚಿನ್ನಿಯ ಬೆಲೆ ಏಕೆ ಹೆಚ್ಚು ಎಂಬುದು ಅದನ್ನು ಸುಲಿಯುವ ಕ್ರಮವನ್ನು ನೋಡಿದರೆ ತಿಳಿಯುತ್ತದೆ. ಮರವನ್ನು ಎತ್ತರಕ್ಕೆ ಬೆಳೆಯಲು ಬಿಡದೆ ಬುಡದಲ್ಲಿ ಕಡಿಯುತ್ತಾರೆ. ಅಲ್ಲಿಂದ ಚಿಗುರಿ ಬರುವ ನೇರವಾದ ಕವಲುಗಳನ್ನು ಮಳೆ ಬಿದ್ದು ರಸವೇರಿದ ಹೊತ್ತಿನಲ್ಲಿ ಕೊಯ್ಯುತ್ತಾರೆ, ಏಕೆಂದರೆ ಆಗ ತೊಗಟೆ ಕಟ್ಟಿಗೆಯಿಂದ ಸಲೀಸಾಗಿ ಬಿಡುತ್ತದೆ. ಮೊದಲು ಹೊರಗಿನ ಒರಟು ಸಿಪ್ಪೆಯನ್ನು ಕೆರೆದು ತೆಗೆಯಬೇಕು. ಆಮೇಲೆ ಕವಲನ್ನು ಹಿತ್ತಾಳೆಯ ಸರಳಿನಿಂದ ಒತ್ತಿ ಉಜ್ಜಿ, ಒಳತೊಗಟೆ ಸಡಿಲವಾದ ಮೇಲೆ ಸಣ್ಣ ಕತ್ತಿಯಿಂದ ಉದ್ದಕ್ಕೆ ಸೀಳಿ, ಹರಿಯದಂತೆ ಬಿಡಿಸುತ್ತಾರೆ. ಕಾಗದದಷ್ಟು ತೆಳುವಾದ ಆ ಹಾಳೆಗಳನ್ನು ಒಂದರೊಳಗೊಂದು ಸೇರಿಸಿ, ನಡುವಿನ ಟೊಳ್ಳಿಗೆ ಚೂರುಗಳನ್ನು ತುಂಬಿ, ಸುಮಾರು ಒಂದು ಮೀಟರ್ ಉದ್ದದ ಕೊಳವೆ ಮಾಡಿ ನೆರಳಿನಲ್ಲಿ ಒಣಗಿಸುತ್ತಾರೆ. ಕೊಳವೆ ತೆಳುವಾದಷ್ಟೂ ದರ್ಜೆ ಮೇಲು. ಅಲ್ಬಾ ಎಂಬ ಅತ್ಯುತ್ತಮ ದರ್ಜೆಯ ಕೊಳವೆಯ ವ್ಯಾಸ ಸುಮಾರು 6 ಮಿಲಿಮೀಟರ್ ಮಾತ್ರ. ಯಂತ್ರಗಳು ಇನ್ನೂ ಸರಿಗಟ್ಟಲಾರದ ಈ ಕೈಕಸುಬಿಗಾಗಿಯೇ ಪೋರ್ಚುಗೀಸರು, ಡಚ್ಚರು, ಬ್ರಿಟಿಷರು ಒಬ್ಬರ ಹಿಂದೊಬ್ಬರು ಶ್ರೀಲಂಕಾ ದ್ವೀಪದ ಸುಲಿಯುವ ಕುಟುಂಬಗಳನ್ನು ಬಲವಂತದ ದುಡಿಮೆಗೆ ಹಚ್ಚಿದ್ದರು ಎಂಬುದನ್ನೂ ಮರೆಯಬಾರದು. ಸಿಲೋನ್ ದಾಲ್ಚಿನ್ನಿಗೆ 2022ರಲ್ಲಿ ಐರೋಪ್ಯ ಒಕ್ಕೂಟದ ಭೌಗೋಳಿಕ ಗುರುತು ದೊರೆಯಿತು.

ಈ ಸುಲಿಯುವ ಕ್ರಮವೇ ಗುರುತಿಸುವ ದಾರಿಯನ್ನೂ ತೋರಿಸುತ್ತದೆ. ಅಸಲಿ ಕಡ್ಡಿಯ ತುದಿಯನ್ನು ನೋಡಿದರೆ ಅನೇಕ ತೆಳು ಪದರಗಳು ಕಾಣುತ್ತವೆ, ಬಣ್ಣ ತಿಳಿಗಂದು, ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತದೆ. ಕ್ಯಾಸಿಯಾದಲ್ಲಿ ಇರುವುದು ಒಂದೇ ದಪ್ಪ ಪದರ; ಸುರುಳಿಯಾಗಿದ್ದರೆ ಎರಡೂ ಅಂಚುಗಳು ಒಳಮುಖವಾಗಿ ಬಾಗಿರುತ್ತವೆ, ಮುರಿಯಲು ಬಲ ಬೇಕು. ಪುಡಿಯಾದ ಮೇಲೆ ಕಣ್ಣಿನಿಂದ ಇವುಗಳನ್ನು ಬೇರ್ಪಡಿಸುವುದು ಅಸಾಧ್ಯವೆಂದೇ ಹೇಳಬೇಕು.

ಎರಡಕ್ಕೂ ಪರಿಮಳ ಕೊಡುವುದು ಮುಖ್ಯವಾಗಿ ಸಿನ್ನಮಾಲ್ಡಿಹೈಡ್ ಎಂಬ ಸಂಯುಕ್ತ. ಕ್ಯಾಸಿಯಾದ ತೈಲದಲ್ಲಿ ಅದರ ಪ್ರಮಾಣ ಹೆಚ್ಚಾಗಿರುವುದರಿಂದ ಘಾಟೂ ಹೆಚ್ಚು. ಅಸಲಿಯಲ್ಲಿ ಅದು ಸ್ವಲ್ಪ ಕಡಿಮೆಯಿದ್ದು, ಲವಂಗದ ಪರಿಮಳಕ್ಕೆ ಕಾರಣವಾದ ಯೂಜಿನಾಲ್ ಮತ್ತಿತರ ಸಂಯುಕ್ತಗಳು ಬೆರೆತಿರುವ ಕಾರಣ ಸುವಾಸನೆ ಮೃದು. ಮಾಂಸದ ಮಸಾಲೆಗೆ, ಬಿರಿಯಾನಿಗೆ ಕ್ಯಾಸಿಯಾದ ಖಾರವೇ ಒಪ್ಪುತ್ತದೆಂದು ನನ್ನ ಅಭಿಪ್ರಾಯ; ಪಾಯಸಕ್ಕೆ, ಹಾಲಿಗೆ ಅಸಲಿಯದೇ ಸರಿ. ಸೋಜಿಗವೆಂದರೆ ಅಸಲಿ ದಾಲ್ಚಿನ್ನಿಯ ಒಂದೇ ಮರ ಮೂರು ಬಗೆಯ ತೈಲ ಕೊಡುತ್ತದೆ: ತೊಗಟೆಯಲ್ಲಿ ಸಿನ್ನಮಾಲ್ಡಿಹೈಡ್, ಎಲೆಯಲ್ಲಿ ಯೂಜಿನಾಲ್, ಬೇರಿನ ತೊಗಟೆಯಲ್ಲಿ ಕರ್ಪೂರ ಪ್ರಧಾನವಾಗಿರುತ್ತದೆ.

ಆರೋಗ್ಯದ ದೃಷ್ಟಿಯಿಂದ ಇವುಗಳನ್ನು ಬೇರೆ ಮಾಡುವುದು ಕೂಮರಿನ್ ಎಂಬ ಇನ್ನೊಂದು ಸಂಯುಕ್ತ. ಅಸಲಿಯಲ್ಲಿ ಅದು ಅತ್ಯಲ್ಪ. ಕ್ಯಾಸಿಯಾ ಪುಡಿಯಲ್ಲಿ ಕಿಲೋಗೆ ಸರಾಸರಿ 3 ಗ್ರಾಂನಷ್ಟು ಇರುತ್ತದೆಂದು ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ಲೆಕ್ಕ ಹಾಕಿದೆ. ಹೆಚ್ಚಿನವರ ದೇಹ ಕೂಮರಿನ್ ಅನ್ನು ನಿರಪಾಯಕಾರಿ ರೂಪಕ್ಕೆ ಬದಲಿಸಿ ಹೊರಹಾಕುತ್ತದೆ. ಆದರೆ ಕೆಲವರಲ್ಲಿ, ಅಲ್ಪ ಪ್ರಮಾಣವೂ ದೀರ್ಘಕಾಲ ಸೇರಿದರೆ ಯಕೃತ್ತಿನ ಕಿಣ್ವಗಳು ಏರುತ್ತವೆ, ಯಕೃತ್ತು ಉರಿಯೂತಕ್ಕೆ ಒಳಗಾಗುತ್ತದೆ; ಸೇವನೆ ನಿಲ್ಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಯಾರು ಆ ಸೂಕ್ಷ್ಮ ಗುಂಪಿನವರೆಂದು ಮೊದಲೇ ಹೇಳಲಾಗದ್ದರಿಂದ, ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ದಿನವೊಂದಕ್ಕೆ ದೇಹತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ ಮಿತಿಯನ್ನು ಗೊತ್ತುಮಾಡಿದೆ. 60 ಕಿಲೋ ತೂಕದವರಿಗೆ ಅದು 6 ಮಿಲಿಗ್ರಾಂ, ಅಂದರೆ ಸುಮಾರು 2 ಗ್ರಾಂ ಕ್ಯಾಸಿಯಾ ಪುಡಿ. ಒಂದು ಟೀ ಚಮಚ ತುಂಬಿದರೆ ಈ ಮಿತಿ ದಾಟಿಬಿಡುತ್ತದೆ. 15 ಕಿಲೋ ತೂಕದ ಮಗುವಿಗಂತೂ ಅರ್ಧ ಗ್ರಾಂ ಸಾಕು. ಒಂದಿಡೀ ಕುಟುಂಬದ ಪಲಾವಿಗೆ ಹಾಕಿ, ಊಟದ ಹೊತ್ತಿಗೆ ತಟ್ಟೆಯ ಅಂಚಿಗೆ ಸರಿಸುವ ಎರಡು ಚಕ್ಕೆ ತುಂಡುಗಳಿಗೂ ದಿನನಿತ್ಯ ನುಂಗುವ ಪುಡಿಗೂ ಇರುವ ಅಂತರ ಇಷ್ಟು ದೊಡ್ಡದು.

ಕೂಮರಿನ್ ರಕ್ತವನ್ನು ತೆಳುವಾಗಿಸುತ್ತದೆ ಎಂಬ ಹೇಳಿಕೆಯೂ ಬಹಳ ಕಡೆ ಕಾಣುತ್ತದೆ. ಅದು ಸರಿಯಲ್ಲ. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ರಾಸಾಯನಿಕವಾಗಿ ಕೂಮರಿನ್‌ನ ಸಂಬಂಧಿ ನಿಜ, ಆದರೆ ಕೂಮರಿನ್‌ಗೆ ಸ್ವತಃ ಆ ಗುಣವಿಲ್ಲ. ಹಾಗಿದ್ದೂ ವಾರ್ಫರಿನ್ ತೆಗೆದುಕೊಳ್ಳುವವರು, ಯಕೃತ್ತಿನ ತೊಂದರೆಯಿರುವವರು ವೈದ್ಯರನ್ನು ಕೇಳದೆ ಚಕ್ಕೆ ಪುಡಿಯನ್ನು ಔಷಧದಂತೆ ಬಳಸಬಾರದು.

ಮಧುಮೇಹದ ಮಾತಿಗೆ ಬಲ ಬಂದದ್ದು 2003ರಲ್ಲಿ ಪ್ರಕಟವಾದ ಪಾಕಿಸ್ತಾನದ ಒಂದು ಅಧ್ಯಯನದಿಂದ. ಎರಡನೇ ಬಗೆಯ ಮಧುಮೇಹವಿದ್ದ 60 ಮಂದಿಯ ಪೈಕಿ ಅರ್ಧದಷ್ಟು ಜನರಿಗೆ ದಿನಕ್ಕೆ 1, 3 ಅಥವಾ 6 ಗ್ರಾಂ ಕ್ಯಾಸಿಯಾವನ್ನು 40 ದಿನ ಕೊಟ್ಟಾಗ ಖಾಲಿ ಹೊಟ್ಟೆಯ ಸಕ್ಕರೆ ಶೇ 18ರಿಂದ 29ರಷ್ಟು ಇಳಿದಿತ್ತು. ಫಲಿತಾಂಶ ಆಕರ್ಷಕವೇ. ಆದರೆ ಬಳಿಕ ನಡೆದ ಪರೀಕ್ಷೆಗಳಲ್ಲಿ ಕೆಲವು ಒಪ್ಪಿದವು, ಕೆಲವು ಒಪ್ಪಲಿಲ್ಲ. 577 ಜನರು ಪಾಲ್ಗೊಂಡಿದ್ದ 10 ಪರೀಕ್ಷೆಗಳನ್ನು 2012ರಲ್ಲಿ ಒಟ್ಟಿಗೆ ಪರಿಶೀಲಿಸಿದ ಕೊಕ್ರೇನ್ ವಿಮರ್ಶೆಯು ಮಧುಮೇಹಕ್ಕೆ ದಾಲ್ಚಿನ್ನಿಯನ್ನು ಶಿಫಾರಸು ಮಾಡುವಷ್ಟು ಪುರಾವೆಯಿಲ್ಲ ಎಂದಿತು. ಗುಣ ಕಂಡ ಅಧ್ಯಯನದಲ್ಲಿ ಬಳಕೆಯಾದದ್ದು ಕೂಮರಿನ್ ಹೆಚ್ಚಿರುವ ಬಗೆ ಎಂಬುದನ್ನು ಮುಖ್ಯವಾಗಿ ಗಮನಿಸಬೇಕು. ಮಾತ್ರೆ ನಿಲ್ಲಿಸಿ ಚಕ್ಕೆ ಕಷಾಯ ಹಿಡಿಯುವುದು ನಿಜಕ್ಕೂ ಅಪಾಯ.

ಆಯುರ್ವೇದ ದಾಲ್ಚಿನ್ನಿಯನ್ನು ಬಳಸುತ್ತದೆಯಲ್ಲವೇ ಎಂದು ಕೇಳಬಹುದು. ಬಳಸುತ್ತದೆ, ಆದರೆ ಅಳತೆಯರಿತು. ಕೆಮ್ಮಿಗೆ ಕೊಡುವ ಸಿತೋಪಲಾದಿ ಚೂರ್ಣದಲ್ಲಿ ಕಲ್ಲುಸಕ್ಕರೆ 16, ವಂಶಲೋಚನ 8, ಹಿಪ್ಪಲಿ 4, ಏಲಕ್ಕಿ 2 ಭಾಗಗಳಿದ್ದರೆ ದಾಲ್ಚಿನ್ನಿ 1 ಭಾಗ ಮಾತ್ರ. ಒಟ್ಟು 31ರಲ್ಲಿ ಒಂದು.

ಕೊಳ್ಳುವಾಗ ಪುಡಿಗಿಂತ ಇಡೀ ಕಡ್ಡಿಯೇ ಮೇಲು. ಅಮೆರಿಕದಲ್ಲಿ 2023ರಲ್ಲಿ ದಾಲ್ಚಿನ್ನಿ ಬೆರೆಸಿದ ಸೇಬಿನ ತಿನಿಸನ್ನು ತಿಂದ ಮಕ್ಕಳ ರಕ್ತದಲ್ಲಿ ಸೀಸ ಪತ್ತೆಯಾದಾಗ, ಮೂಲವಾಗಿ ಸಿಕ್ಕಿದ್ದು ಪುಡಿ ದಾಲ್ಚಿನ್ನಿ. ನಮ್ಮ ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮಗಳು ಕ್ಯಾಸಿಯಾ ಮತ್ತು ದಾಲ್ಚಿನ್ನಿಗಳನ್ನು ಎರಡು ಪ್ರತ್ಯೇಕ ಪದಾರ್ಥಗಳೆಂದೇ ಪರಿಗಣಿಸುತ್ತವೆ. ಆದ್ದರಿಂದ ಪೊಟ್ಟಣದ ಮೇಲೆ ಯಾವ ಹೆಸರಿದೆ ಎಂದು ಓದುವುದು, ಬಿಡಿಯಾಗಿ ಕೊಳ್ಳುವುದಾದರೆ ಕಡ್ಡಿಯ ತುದಿಯ ಪದರಗಳನ್ನು ನೋಡಿ ಆರಿಸುವುದು ಗ್ರಾಹಕರ ಕೈಯಲ್ಲೇ ಇದೆ.